ಲಿಂಕ್ ಸಿಕ್ಕವರಿಗೆಲ್ಲ ಬಾಗಿಲು ತೆರೆದಿದೆ: ಬಸವನಗುಡಿ, ಮಲ್ಲೇಶ್ವರದ ಕ್ಲಾಸು–ಅಂಗಡಿಗಳ ಪ್ಲೇಲಿಸ್ಟ್ ಯಾರ್‍ಯಾರಿಗೆ ಕಾಣ್ತಿದೆ?

ಬಸವನಗುಡಿ: ಗಾಂಧಿ ಬಜಾರಿನ ಹಿಂದಿನ ಯಾವ ಅಡ್ಡರಸ್ತೆಗೆ ಹೋದ್ರೂ ಸಂಜೆ ಹೊತ್ತಿಗೆ ಒಂದಲ್ಲ ಒಂದು ಮನೆ ಮಹಡಿಯಿಂದ ಸರಳೆ ವರಸೆ ಕೇಳಿಸುತ್ತೆ, ಇಲ್ಲಾ ತಟ್ಟುಕೋಲಿನ ಸದ್ದು. ಮಲ್ಲೇಶ್ವರ, ಚಾಮರಾಜಪೇಟೆಯಲ್ಲೂ ಇದೇ ಕಥೆ. 2020ರ ಲಾಕ್‌ಡೌನ್‌ನಲ್ಲಿ ಈ ಕ್ಲಾಸುಗಳೆಲ್ಲ ಮೊಬೈಲಿಗೆ ಇಳಿದವು. ಟೀಚರ್ ಪಾಠ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ರು, ಮಕ್ಕಳು ಹಾಡಿದ್ದು, ಕುಣಿದಿದ್ದು ಕೂಡ ಅಲ್ಲೇ ಹೋಯ್ತು. ಎಲ್ಲ ಸೇರಿಸಿ ಒಂದು ಪ್ಲೇಲಿಸ್ಟ್, ಅದರ ಲಿಂಕ್ ವಾಟ್ಸಾಪ್ ಗುಂಪಿಗೆ. ಲಾಕ್‌ಡೌನ್ ಮುಗಿದು ಮಕ್ಕಳು ಮತ್ತೆ ಮಹಡಿ ಹತ್ತಿದ ಮೇಲೂ ಆ ಪ್ಲೇಲಿಸ್ಟ್‌ಗಳು ಹಾಗೇ ಉಳಿದಿವೆ. ಅವು ಈಗ ಯಾರಿಗೆ ಕಾಣಿಸ್ತಿವೆ ಅಂತ ಕೇಳಿದರೆ, ‘ಅನ್‌ಲಿಸ್ಟೆಡ್ ಇಟ್ಟಿದೀವಲ್ಲ, ನಮ್ಮೋರಿಗೆ ಮಾತ್ರ’ ಅನ್ನೋ ಉತ್ತರ ಬಂದರೆ, ಅದು ಅರ್ಧ ಮಾತ್ರ ಸರಿ.

ಯೂಟ್ಯೂಬಿನಲ್ಲಿ ಮೂರು ಬಗೆಯ ಬಾಗಿಲಿದೆ. ಪಬ್ಲಿಕ್ ಅಂದ್ರೆ ಹುಡುಕಿದವರಿಗೆಲ್ಲ ಸಿಗುತ್ತೆ. ಪ್ರೈವೇಟ್ ಅಂದ್ರೆ ಹಾಕಿದವರಿಗೆ, ಅವರು ಇಮೇಲ್ ಕೊಟ್ಟು ಕರೆದವರಿಗೆ ಮಾತ್ರ. ನಡುವಿನದು ಅನ್‌ಲಿಸ್ಟೆಡ್: ಹುಡುಕಾಟದಲ್ಲಿ ಬರಲ್ಲ, ಆದರೆ ಲಿಂಕ್ ಇದ್ದವರು ಯಾರೇ ಆಗಲಿ ನೋಡಬಹುದು, ಲಾಗಿನ್ ಕೂಡ ಬೇಕಿಲ್ಲ. ಇಷ್ಟು ಬಹಳ ಜನಕ್ಕೆ ಗೊತ್ತು. ಎಡವಟ್ಟಾಗೋದು ಮುಂದಿನ ಹೆಜ್ಜೆಯಲ್ಲಿ.

ಪ್ಲೇಲಿಸ್ಟಿಗೂ ಬೀಗ ಇದೆ, ಅದರೊಳಗಿನ ಒಂದೊಂದು ವಿಡಿಯೊಗೂ ಬೇರೆ ಬೀಗ ಇದೆ. ಒಂದು ಹಾಕಿದರೆ ಇನ್ನೊಂದು ತಾನಾಗಿ ಬೀಳೋದಿಲ್ಲ. ಪ್ಲೇಲಿಸ್ಟನ್ನು ಪ್ರೈವೇಟ್ ಮಾಡಿ ನಿಶ್ಚಿಂತೆಯಾಗಿ ಕೂತರೂ, ಒಳಗಿನ ವಿಡಿಯೊ ಪಬ್ಲಿಕ್ ಆಗಿದ್ರೆ ಅದು ಮೊದಲಿನ ಹಾಗೇ ಊರಿಗೆಲ್ಲ ಕಾಣುತ್ತೆ. ಮರೆಯಾದದ್ದು ಪಟ್ಟಿ ಮಾತ್ರ. ಮನೆ ಗೇಟಿಗೆ ಬೀಗ ಜಡಿದು ಸಾಮಾನನ್ನು ಫುಟ್‌ಪಾತಿನಲ್ಲೇ ಬಿಟ್ಟ ಹಾಗೆ.

ಇದರ ಉಲ್ಟಾ ಇನ್ನೂ ಅಪಾಯದ್ದು. ಅನ್‌ಲಿಸ್ಟೆಡ್ ವಿಡಿಯೊ ಹುಡುಕಾಟದಲ್ಲಿ ಬರಲ್ಲ ಅನ್ನೋ ಮಾತಿಗೆ ಯೂಟ್ಯೂಬ್ ತಾನೇ ಒಂದು ವಿನಾಯಿತಿ ಇಟ್ಟುಕೊಂಡಿದೆ: ಯಾರಾದರೂ ಅದನ್ನು ತಮ್ಮ ಪಬ್ಲಿಕ್ ಪ್ಲೇಲಿಸ್ಟಿಗೆ ಸೇರಿಸಿದರೆ ಅದು ಬರಬಹುದು. ಇಲ್ಲಿ ‘ಯಾರಾದರೂ’ ಅನ್ನೋ ಪದ ಗಮನಿಸಬೇಕು. ಸೇರಿಸೋಕೆ ಟೀಚರ್ ಅನುಮತಿ ಬೇಕಿಲ್ಲ. ಭರತನಾಟ್ಯದ ಕ್ಲಾಸಿನಲ್ಲಿ 40 ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ. ಟೀಚರ್ ಎಲ್ಲವನ್ನೂ ಅನ್‌ಲಿಸ್ಟೆಡ್ ಇಟ್ಟಿದ್ದಾರೆ. ಒಬ್ಬ ಅಜ್ಜ ಮೊಮ್ಮಗಳ ಮೇಲಿನ ಪ್ರೀತಿಗೆ ‘ಪುಟ್ಟಿ ಡ್ಯಾನ್ಸ್’ ಅಂತ ತಮ್ಮದೇ ಪ್ಲೇಲಿಸ್ಟ್ ಮಾಡಿ ಆ ವಿಡಿಯೊ ಉಳಿಸಿಕೊಳ್ತಾರೆ. ಪ್ಲೇಲಿಸ್ಟ್ ಪಬ್ಲಿಕ್ ಆಗಿದೆ ಅಂತ ಅವರಿಗೆ ಗೊತ್ತೇ ಇಲ್ಲ. ಆ ವಿಡಿಯೊದಲ್ಲಿ ಪುಟ್ಟಿ ಜೊತೆ ಇನ್ನೂ ಏಳೆಂಟು ಮಕ್ಕಳಿದ್ದರೆ? ಯಾರೂ ತಪ್ಪು ಮಾಡಬೇಕು ಅಂತ ಮಾಡಿಲ್ಲ, ಆದರೂ ಬಾಗಿಲು ತೆರೆದುಕೊಂಡಿದೆ.

‘ಮಕ್ಕಳ ಡ್ಯಾನ್ಸ್ ತಾನೆ, ನೋಡಿದರೆ ನೋಡ್ಲಿ ಬಿಡಿ’ ಅನ್ನೋರಿಗೆ 2019ರ ಒಂದು ಘಟನೆ ಹೇಳಬೇಕು. ಬ್ರೆಜಿಲಿನಲ್ಲಿ ಹತ್ತು ವರ್ಷದ ಹುಡುಗಿ ಗೆಳತಿಯ ಜೊತೆ ಈಜುಕೊಳದಲ್ಲಿ ಆಡಿದ ವಿಡಿಯೊ ಯೂಟ್ಯೂಬಿಗೆ ಹಾಕಿದ್ದಳು. ಕೆಲವೇ ದಿನದಲ್ಲಿ ಅದಕ್ಕೆ ಲಕ್ಷಗಟ್ಟಲೆ ವೀಕ್ಷಣೆ ಬಂತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ ಕಂಡದ್ದು, ಮಕ್ಕಳ ಮನೆ ವಿಡಿಯೊಗಳನ್ನು ಯೂಟ್ಯೂಬಿನ ಶಿಫಾರಸು ವ್ಯವಸ್ಥೆಯೇ ಬೇರೆ ಉದ್ದೇಶದಿಂದ ಹುಡುಕುವವರ ಮುಂದೆ ಸಾಲಾಗಿ ಇಡ್ತಿತ್ತು ಅನ್ನೋದು. ಆ ವರ್ಷ ನ್ಯೂಯಾರ್ಕ್ ಟೈಮ್ಸ್ ಇದನ್ನು ಪ್ರಕಟಿಸಿತು. ಅದಕ್ಕೂ ಮೊದಲೇ, ಫೆಬ್ರವರಿಯಲ್ಲಿ, ಮಕ್ಕಳಿರುವ ವಿಡಿಯೊಗಳಲ್ಲಿ ಕಾಮೆಂಟ್ ಬಂದ್ ಮಾಡೋಕೆ ಯೂಟ್ಯೂಬ್ ಶುರು ಮಾಡಿತ್ತು. 2021ರಲ್ಲಿ 13ರಿಂದ 17 ವಯಸ್ಸಿನವರು ಹಾಕುವ ವಿಡಿಯೊ ಮೊದಲಿಗೇ ಪ್ರೈವೇಟ್ ಆಗಿರುತ್ತೆ ಅಂತ ಪ್ರಕಟಿಸಿತು. ಆದರೆ ನಮ್ಮ ಕ್ಲಾಸಿನ ಮಕ್ಕಳ ವಿಡಿಯೊ ಹಾಕೋದು ಮಕ್ಕಳಲ್ಲ, ಟೀಚರ್. ದೊಡ್ಡವರ ಖಾತೆ. ಆ ರಕ್ಷಣೆ ಇಲ್ಲಿಗೆ ಬರೋದೇ ಇಲ್ಲ.

ಹಾಗಾದರೆ ಎಲ್ಲ ಪ್ರೈವೇಟ್ ಮಾಡಿದರೆ ಮುಗೀತಲ್ಲ? ಹೇಳೋದು ಸುಲಭ. ಪ್ರೈವೇಟ್ ವಿಡಿಯೊವನ್ನು ಇಮೇಲ್ ಕೊಟ್ಟು ಹಂಚಬಹುದಾದ್ದು 50 ಜನಕ್ಕೆ. 40 ಮಕ್ಕಳ ಅಪ್ಪ, ಅಮ್ಮ ಇಬ್ಬರಿಗೂ ಕೊಡೋಣ ಅಂದ್ರೆ 80 ಆಯ್ತು, ಅಲ್ಲಿಗೇ ನಿಂತಿತು. ನೋಡುವವರು ಅದೇ ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿರಬೇಕು; ಊರಲ್ಲಿರೋ ಅಜ್ಜಿ ಟಿವಿಯಲ್ಲಿ ಹಾಕಿಕೊಂಡು ನೋಡೋ ಮಾತು ಬಿಡಿ. ಅನ್‌ಲಿಸ್ಟೆಡ್ ಇಷ್ಟು ಜನಪ್ರಿಯ ಆಗಿರೋದು ಉದಾಸೀನದಿಂದಲ್ಲ, ಪ್ರೈವೇಟ್ ಅಷ್ಟು ರಗಳೆ ಅನ್ನೋ ಕಾರಣಕ್ಕೆ. ಟೀಚರ್‌ಗಳನ್ನು ಬೈಯೋಕೆ ಮುಂಚೆ ಇದನ್ನೂ ಒಪ್ಪಿಕೊಳ್ಳಬೇಕು.

ಮಧ್ಯದ ದಾರಿ ಒಂದಿದೆ. ಟೀಚರ್ ತಾವೇ ಹಾಡಿ, ಅಡವು ತೋರಿಸಿದ ಪಾಠದ ವಿಡಿಯೊ ಅನ್‌ಲಿಸ್ಟೆಡ್ ಇರಲಿ, ಹೊರಗೆ ಹೋದ್ರೂ ನಷ್ಟ ಕಮ್ಮಿ. ಮಕ್ಕಳ ಮುಖ ಇರುವುದು ಬೇರೆ ಪ್ಲೇಲಿಸ್ಟಿಗೆ ಹೋಗಲಿ, ಒಂದು ಟರ್ಮ್ ಮುಗಿದ ಕೂಡಲೇ ಆ ವಿಡಿಯೊಗಳು ಪ್ರೈವೇಟ್ ಆಗಲಿ. ಇದಕ್ಕೆ ಒಂದೊಂದಾಗಿ ಕೂತು ಒತ್ತಬೇಕಿಲ್ಲ. ಯೂಟ್ಯೂಬ್ ಸ್ಟುಡಿಯೊದ ಕಂಟೆಂಟ್ ಪುಟದಲ್ಲಿ ಪ್ರತಿ ವಿಡಿಯೊ ಎದುರಿಗೂ ಅದು ಪಬ್ಲಿಕ್ಕೋ, ಅನ್‌ಲಿಸ್ಟೆಡ್ಡೋ ಅಂತ ಬರೆದಿರುತ್ತೆ. ಬೇಕಾದ್ದಕ್ಕೆಲ್ಲ ಟಿಕ್ ಹಾಕಿ ಒಟ್ಟಿಗೇ ಬದಲಾಯಿಸಬಹುದು. ಪ್ಲೇಲಿಸ್ಟಿನಲ್ಲಿ ‘ಕೊಲಾಬರೇಟ್’ ಆನ್ ಆಗಿದೆಯಾ ಅಂತಲೂ ನೋಡಿಕೊಳ್ಳಬೇಕು. ಆನ್ ಇದ್ದು ಆ ಲಿಂಕ್ ಕೈಮೀರಿದರೆ, ಕ್ಲಾಸಿನ ಹೆಸರಿನ ಪಟ್ಟಿಗೆ ಬೇರೆಯವರು ತಮ್ಮ ವಿಡಿಯೊ ತುರುಕಬಹುದು.

ಬಾಗಿಲು ತೆರೆದುಕೊಳ್ಳೋದಷ್ಟೇ ಸಮಸ್ಯೆ ಅಲ್ಲ, ತಾನಾಗಿ ಮುಚ್ಚಿಕೊಂಡದ್ದೂ ಇದೆ. 2017ಕ್ಕಿಂತ ಮೊದಲು ಹಾಕಿದ ಅನ್‌ಲಿಸ್ಟೆಡ್ ವಿಡಿಯೊಗಳ ಲಿಂಕ್ ಅಷ್ಟು ಭದ್ರ ಅಲ್ಲ ಅಂತ ಹೇಳಿ, ಯೂಟ್ಯೂಬ್ 2021ರ ಜುಲೈ 23ರಂದು ಅವನ್ನೆಲ್ಲ ಪ್ರೈವೇಟ್ ಮಾಡಿತು. ಬೇಡ ಅನ್ನೋರು ಒಂದು ಫಾರಂ ತುಂಬಬೇಕಿತ್ತು, ಸುಮಾರು ಒಂದು ತಿಂಗಳ ಕಾಲಾವಕಾಶ. ಅಮೆರಿಕದಲ್ಲಿರೋ ಮಗಳಿಗೆ ಅಂತ ಹಾಕಿದ್ದ ಉಪನಯನದ ವಿಡಿಯೊ, ತೀರಿಹೋದ ಮೇಷ್ಟ್ರ ಪಾಠ ಈ ಗುಂಪಿಗೆ ಸೇರಿದ್ದರೆ ಆವತ್ತಿನಿಂದ ಪ್ಲೇಲಿಸ್ಟಿನಲ್ಲಿ ‘ಪ್ರೈವೇಟ್ ವಿಡಿಯೊ’ ಅನ್ನೋ ಬೂದು ಪಟ್ಟಿ ಮಾತ್ರ. ವಿಡಿಯೊ ಅಳಿದಿಲ್ಲ, ಖಾತೆಯ ಒಡೆಯರು ಲಾಗಿನ್ ಆದರೆ ಈಗಲೂ ತೆರೆಯಬಹುದು. ಆದರೆ ಒಡೆಯರು ಯಾರು? ಪಾಸ್‌ವರ್ಡ್ ಯಾರ ಹತ್ತಿರ? ಚಾನೆಲ್ ಶುರು ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಹೋಗಿಬಿಟ್ಟಿರ್ತಾನೆ. ಗೂಗಲ್ ಎರಡು ವರ್ಷ ಬಳಸದ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸೋಕೆ ಶುರು ಮಾಡಿದಾಗ ಯೂಟ್ಯೂಬ್ ವಿಡಿಯೊ ಇರುವ ಖಾತೆಗಳನ್ನು ಸದ್ಯಕ್ಕೆ ಮುಟ್ಟಲ್ಲ ಅಂದಿದೆ. ‘ಸದ್ಯಕ್ಕೆ’ ಅನ್ನೋದು ಎಷ್ಟು ದಿನವೋ. ಸ್ಟುಡಿಯೊದಲ್ಲಿ ಇನ್ನಿಬ್ಬರನ್ನು ಮ್ಯಾನೇಜರ್ ಅಂತ ಸೇರಿಸೋ ಸೌಲಭ್ಯ ಇದೆ, ಪಾಸ್‌ವರ್ಡ್ ಹಂಚಬೇಕಿಲ್ಲ.

1905ರ ಬೆಂಗಳೂರು ಗಾಯನ ಸಮಾಜ, 1939ರಲ್ಲಿ ಚಾಮರಾಜಪೇಟೆಯಲ್ಲಿ ಶುರುವಾದ ರಾಮಸೇವಾ ಮಂಡಳಿಯಂಥ ಸಭಾಗಳಿರುವ ಈ ಭಾಗದಲ್ಲಿ ಸಂಗೀತ ಯಾವತ್ತೂ ಊರೊಟ್ಟಿನ ಆಸ್ತಿ. ಕಚೇರಿ ವಿಡಿಯೊ ಪಬ್ಲಿಕ್ ಇದ್ದರೇ ಚೆಂದ, ಕಲಾವಿದರ ಒಪ್ಪಿಗೆ ಇದ್ದರೆ ಸಾಕು. ಕಲಿಯೋ ಮಗು ತಪ್ಪಿ ತಪ್ಪಿ ಹಾಡಿದ್ದು ಮಾತ್ರ ಕಚೇರಿ ಅಲ್ಲ.

ಇನ್ನು ಅಂಗಡಿಯವರು. ಡಿವಿಜಿ ರಸ್ತೆ, ಮಲ್ಲೇಶ್ವರ ಎಂಟನೇ ಅಡ್ಡರಸ್ತೆಯ ಸೀರೆ, ಬೆಳ್ಳಿ ಅಂಗಡಿಯವರಿಗೆ ವಿಡಿಯೊ ಕಾಣಿಸಬೇಕು, ಅದೇ ವ್ಯಾಪಾರ. ಅಲ್ಲಿ ತೊಂದರೆ ಬೇರೆ ಥರ. ಅಂಗಡಿ ಚಾನೆಲ್ಲಿಗೂ ಮನೆಗೂ ಒಂದೇ ಜಿಮೇಲ್ ಇದ್ದರೆ, ಮಾಲೀಕರು ರಾತ್ರಿ ಮಾಡಿಕೊಂಡ ‘ಸಕ್ಕರೆ ಕಾಯಿಲೆಗೆ ಮನೆಮದ್ದು’, ‘ಸಾಲ ತೀರಿಸೋದು ಹೇಗೆ’ ಅನ್ನೋ ಪ್ಲೇಲಿಸ್ಟ್ ಪಬ್ಲಿಕ್ ಆಗಿದ್ದಲ್ಲಿ ರೇಷ್ಮೆ ಸೀರೆ ಪಟ್ಟಿಯ ಪಕ್ಕದಲ್ಲೇ ಚಾನೆಲ್ ಪುಟದಲ್ಲಿ ಕೂರುತ್ತೆ. ಗಿರಾಕಿಯೂ ನೋಡ್ತಾರೆ, ಎದುರಂಗಡಿಯವರೂ ನೋಡ್ತಾರೆ. ಲೈಕ್ ಮಾಡಿದ ವಿಡಿಯೊಗಳ ಪಟ್ಟಿಯನ್ನು ಯೂಟ್ಯೂಬ್ 2019ರ ಡಿಸೆಂಬರಿನಲ್ಲೇ ಪ್ರೈವೇಟ್ ಮಾಡಿದೆ, ಅದರ ಚಿಂತೆ ಬೇಡ. ಕೈಯಾರೆ ಮಾಡಿದ ಪಟ್ಟಿಗಳನ್ನು ನಾವೇ ನೋಡ್ಕೋಬೇಕು. ಸೀರೆ ಉಟ್ಟು ನೋಡುವ ಗಿರಾಕಿಯ ಮುಖ ವಿಡಿಯೊದಲ್ಲಿ ಬಂದಿದ್ದರೆ ಅವರನ್ನು ಕೇಳಿ ಹಾಕೋದು ಇನ್ನೊಂದು.

ಒಮ್ಮೆ ಪಬ್ಲಿಕ್ ಆದದ್ದನ್ನು ಹಿಂದಕ್ಕೆ ತರೋದು ಎಷ್ಟು ಕಷ್ಟ ಅಂತ ಇದೇ ಊರಿನ ಹೈಕೋರ್ಟಿಗೇ ಅನುಭವ ಆಗಿದೆ. ಯೂಟ್ಯೂಬ್ ನೇರಪ್ರಸಾರದ ತುಣುಕುಗಳು 2024ರ ಸೆಪ್ಟೆಂಬರಿನಲ್ಲಿ ದೇಶವೆಲ್ಲ ಹರಿದಾಡಿ, ಖಾಸಗಿಯವರು ಆ ಕ್ಲಿಪ್ ತೋರಿಸಬಾರದು ಅಂತ ಕೋರ್ಟ್ ಮಧ್ಯಂತರ ಆದೇಶ ಕೊಡಬೇಕಾಯ್ತು. ಕೋರ್ಟಿಗೆ ಆದೇಶ ಮಾಡೋ ಅಧಿಕಾರ ಇದೆ. ಮೂರನೇ ಅಡ್ಡರಸ್ತೆಯ ಪಾಟೀಚರ್‌ಗೆ ಏನಿದೆ?

ಕಾನೂನು ಇದೆ ಅನ್ನಬಹುದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು. 18 ತುಂಬದವರ ಮಾಹಿತಿ ಬಳಸೋಕೆ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತೆ ಕಾಯ್ದೆ. ಮನೆಮಂದಿ ತಮ್ಮ ಸ್ವಂತಕ್ಕೆ ಇಟ್ಟುಕೊಳ್ಳೋದಕ್ಕೆ ಅದು ಅನ್ವಯಿಸಲ್ಲ, ಆದರೆ ಫೀಸು ತಗೊಂಡು ನಡೆಸೋ ಕ್ಲಾಸು ಆ ವಿನಾಯಿತಿಯೊಳಗೆ ಬರುತ್ತೆ ಅನ್ನೋದು ಕಷ್ಟ. ಈ ಭಾಗ ಜಾರಿಗೆ ಬರೋದು ನಿಯಮ ಪ್ರಕಟವಾದ 18 ತಿಂಗಳ ಮೇಲೆ, ಅಂದ್ರೆ 2027ರ ಮೇ ಹೊತ್ತಿಗೆ. ಜೂನ್‌ನಲ್ಲಿ ಹೊಸ ಬ್ಯಾಚ್ ಸೇರಿಸಿಕೊಳ್ಳುವ ಟೀಚರ್‌ಗಳು ಅಲ್ಲೀವರೆಗೆ ಕಾಯಬೇಕಾಗಿಲ್ಲ. ಹೆಸರು, ವಯಸ್ಸು, ಫೋನ್ ನಂಬರ್ ಬರೆಸಿಕೊಳ್ಳೋ ಅದೇ ಪುಸ್ತಕದಲ್ಲಿ ‘ವಿಡಿಯೊ ಹಾಕಬಹುದೇ’ ಅಂತ ಇನ್ನೊಂದು ಗೆರೆ ಎಳೆದು, ಪಕ್ಕದಲ್ಲಿ ಅಪ್ಪನೋ ಅಮ್ಮನೋ ಸಹಿ ಮಾಡೋಷ್ಟು ಜಾಗ ಬಿಟ್ಟರಾಯ್ತು.