ಎಲ್ಲರ ಕೈಯಲ್ಲೂ ಒಂದೇ ಬೀಗದ ಕೈ

ಹಿಮಾಯತ್‌ನಗರದ ನಮ್ಮವರ ಹೋಟೆಲುಗಳಲ್ಲಿ ಕಿರ್ದಿ, ಖಾತೆ, ಹಾಜರಿ ಪುಸ್ತಕಗಳು ಗಲ್ಲೆಯ ಮೇಜನ್ನು ಬಿಟ್ಟು, ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದ ದೂರದ ಉಗ್ರಾಣಗಳನ್ನು ಸೇರತೊಡಗಿವೆ. ಇದು ಸ್ವಾಗತಾರ್ಹವೇ. ಆದರೆ ಉಗ್ರಾಣವು ಹೊಸದಾದರೂ ಬೀಗದ ವ್ಯವಸ್ಥೆಯು ಸುಧಾರಿಸಿಲ್ಲ. ಮಾಲೀಕರು, ಮ್ಯಾನೇಜರು, ಗುಮಾಸ್ತರು, ಉಗ್ರಾಣಿಗಳು ಎಲ್ಲರೂ ಒಂದೇ ಪಾಸ್‌ವರ್ಡನ್ನು ಬಳಸುವ ಪದ್ಧತಿಯು ಕೆಲವೆಡೆ ಬೇರೂರಿರುವುದನ್ನು ನಾವು ಕಂಡಿದ್ದೇವೆ. ಈ ಪದ್ಧತಿಯನ್ನು ನಾವು ಖಂಡಿಸುತ್ತೇವೆ.

ಇದಕ್ಕೆ 'ಕ್ಲೌಡ್', ಅಂದರೆ ಮೋಡ, ಎಂದು ಹೆಸರಿಟ್ಟವರು ಯಾರೋ ಕವಿಹೃದಯದವರಿರಬೇಕು. ವಸ್ತುತಃ ಅದು ಕಂಪೆನಿಗಳು ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಇರಿಸಿರುವ ಯಂತ್ರಗಳ ಸಮೂಹ. ಅಮೆಜಾನ್ ಕಂಪೆನಿಯು 2022ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿಯೇ ಅಂಥ ಕೇಂದ್ರವನ್ನು ತೆರೆದಿದೆ. ಹಳೆಯ ಉಗ್ರಾಣಕ್ಕೆ ಅನ್ವಯಿಸುತ್ತಿದ್ದ ನ್ಯಾಯವೇ ಇದಕ್ಕೂ ಅನ್ವಯಿಸುತ್ತದೆ.

ಎಲ್ಲರಿಗೂ ಒಂದೇ ಪಾಸ್‌ವರ್ಡು ಇದ್ದಲ್ಲಿ ನಷ್ಟವು ಯಾರಿಗೆ? ಮೊದಲು ಗುಮಾಸ್ತನಿಗೆ. ಲೆಕ್ಕದ ಹಾಳೆಯಲ್ಲಿ ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಯಾವ ಅಂಕಿಯನ್ನು ತಿದ್ದಿದರೆಂಬುದನ್ನು ಈ ಯಂತ್ರವು ತಾನಾಗಿಯೇ ಬರೆದಿಡುತ್ತದೆ. ಆದರೆ ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ಆ ದಾಖಲೆಯಲ್ಲಿ ಒಂದೇ ಹೆಸರು ಇರುತ್ತದೆ. ಬೇಳೆಯ ಮೂಟೆ ಎರಡು ಕಡಿಮೆಯಾದಾಗ ಸಂಶಯವು ಯಾರ ತಲೆಗೆ ಬರುವುದೆಂಬುದನ್ನು, ಗಲ್ಲೆಯಲ್ಲಿ ಬಹುಕಾಲ ಕುಳಿತಿದ್ದ ನಾವು ಚೆನ್ನಾಗಿ ಬಲ್ಲೆವು. ಪ್ರತಿಯೊಬ್ಬನಿಗೂ ಪ್ರತ್ಯೇಕ ಹೆಸರಿನ ಪ್ರವೇಶವಿರಬೇಕೆಂದು ಗುಮಾಸ್ತರು ಕೇಳಿದರೆ, ಮಾಲೀಕರು ಅದನ್ನು ಉದ್ಧಟತನವೆಂದು ಭಾವಿಸಬಾರದು. ನಿರಪರಾಧಿಯ ಮರ್ಯಾದೆಗೆ ಅದೇ ಸಾಕ್ಷಿ.

ಪ್ರವೇಶದಲ್ಲಿಯೂ ತರತಮವುಂಟು. ಒಬ್ಬನಿಗೆ ಓದುವ ಅಧಿಕಾರವನ್ನು ಮಾತ್ರ, ಇನ್ನೊಬ್ಬನಿಗೆ ತಿದ್ದುವ ಅಧಿಕಾರವನ್ನೂ ಕೊಡಬಹುದು. ಹಾಜರಿಯ ಹಾಳೆಯನ್ನು ಸಪ್ಲಾಯರ್, ಕ್ಲೀನರ್, ಅಡುಗೆಭಟ್ಟರು ತಮ್ಮ ತಮ್ಮ ಫೋನಿನಲ್ಲಿ ಓದುವಂತೆ ತೆರೆದಿಡಲಿ ಎಂಬುದು ನಮ್ಮ ಸಲಹೆ. ತಿಂಗಳ ಕೊನೆಗೆ ಎರಡು ದಿನದ ಸಂಬಳಕ್ಕಾಗಿ ನಡೆಯುವ ಜಗಳವು ಇದರಿಂದ ತಪ್ಪುತ್ತದೆ. ಸಂಬಳದ ಲೆಕ್ಕವಾದರೋ ಅವರವರಿಗೆ ಬೇರೆ ಬೇರೆ ಇರತಕ್ಕದ್ದು. ನೌಕರರ ಆಧಾರ್ ಪ್ರತಿಗಳನ್ನು 'ಕೊಂಡಿ ಇದ್ದವರೆಲ್ಲರೂ ನೋಡಬಹುದು' ಎಂಬ ರೀತಿಯಲ್ಲಿ ಹಂಚುವುದಂತೂ ಸರ್ವಥಾ ಸಲ್ಲದು. ಆ ಕೊಂಡಿಯು ಕೈಯಿಂದ ಕೈಗೆ ಸಾಗಿ ಎಲ್ಲಿಗೆ ಮುಟ್ಟುವುದೆಂದು ಹೇಳಬಲ್ಲವರಿಲ್ಲ.

ಖಾತೆಯು ಸಂಸ್ಥೆಯ ಹೆಸರಿನಲ್ಲಿರಬೇಕು. ಗುಮಾಸ್ತನ ಸ್ವಂತ ಖಾತೆಯಲ್ಲಿ ಹೋಟೆಲಿನ ಲೆಕ್ಕವನ್ನಿರಿಸಿದರೆ, ಅವನು ಊರಿಗೆ ಹಿಂತಿರುಗಿದ ದಿನ ಲೆಕ್ಕವೂ ಅವನೊಡನೆ ಕುಂದಾಪುರದ ಬಸ್ಸನ್ನು ಹತ್ತುತ್ತದೆ. ಎರಡು ವರ್ಷ ಬಳಕೆಯಾಗದ ಸ್ವಂತ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದೆಂಬ ನಿಯಮವು 2023ರಲ್ಲಿ ಪ್ರಕಟವಾಗಿದೆ. ಅತ್ತ ಜಿ.ಎಸ್.ಟಿ. ಕಾನೂನಾದರೋ ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕೆಂದು ವಿಧಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದರೆ ಅಪಾಯವು ಸ್ಪಷ್ಟವಾಗುತ್ತದೆ.

'ಮೋಡದಲ್ಲಿದೆ, ಇನ್ನು ಭಯವಿಲ್ಲ' ಎಂಬ ನೆಮ್ಮದಿಯೂ ಪೂರ್ಣ ಸರಿಯಲ್ಲ. ಜೋಡಿಸಿದ ಕಂಪ್ಯೂಟರಿನಲ್ಲಿ ಒಂದು ಕಡತವನ್ನು ಅಳಿಸಿದರೆ ಅದು ಎಲ್ಲೆಡೆಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅದು 30 ದಿನ ಮಾತ್ರ ಉಳಿದಿರುತ್ತದೆ. ವರ್ಷದ ಲೆಕ್ಕ ತೆಗೆಯುವ ಹೊತ್ತಿಗೆ ಹುಡುಕಿದರೆ ಸಿಗದು. ವಿದ್ಯುನ್ಮಾನ ದಾಖಲೆಗಳಿಗೆ ಮರುಪ್ರತಿಯಿರಬೇಕೆಂದು ಜಿ.ಎಸ್.ಟಿ.ಯ 57ನೆಯ ನಿಯಮವೇ ಹೇಳುತ್ತದೆ. ತಿಂಗಳಿಗೊಮ್ಮೆ ಬೇರೊಂದು ಡಿಸ್ಕಿಗೆ ಪ್ರತಿ ತೆಗೆದು ಮಾಳಿಗೆಯಲ್ಲಿಡುವುದು ವಿವೇಕ. ನೆಲಮಾಳಿಗೆಯಲ್ಲಿಟ್ಟದ್ದರ ಗತಿಯೇನೆಂಬುದನ್ನು 2020ರ ಅಕ್ಟೋಬರಿನ ಮಳೆಯು ಈ ನಗರಕ್ಕೆ ಕಲಿಸಿದೆ.

ಇಷ್ಟನ್ನು ಕಲಿಯಲು ಇಂಗ್ಲಿಷ್ ಪಾಂಡಿತ್ಯವು ಬೇಕಿಲ್ಲ, ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿದ ನಮಗೇ ಎರಡು ಮಧ್ಯಾಹ್ನ ಸಾಕಾಯಿತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ನಮ್ಮ ಸಂಸ್ಥೆಗಳು ಕನ್ನಡದಲ್ಲಿಯೇ ಇದನ್ನು ಹೇಳಿಕೊಡುವ ಒಂದು ವರ್ಗವನ್ನು ನಡೆಸಬೇಕೆಂದು ಕೋರುತ್ತೇವೆ. ಅದರ ವೇಳೆಯನ್ನು ಮಾತ್ರ ಸಾಯಂಕಾಲಕ್ಕೆ ಇಡಬಾರದು. ಊಟದ ಗಿರಾಕಿಗಳು ಹೋಗಿ ಕಾಫಿಯ ಗಿರಾಕಿಗಳು ಇನ್ನೂ ಬಾರದಿರುವ ಮೂರು ಗಂಟೆಯ ಹೊತ್ತಿಗಾದರೆ ನಮ್ಮ ಹುಡುಗರು ಬರಬಲ್ಲರು.