ನೋಟ್ಸ್ ಬರೆಸೋದು ಪಾಠ ಅಲ್ಲ

ಹುನಗುಂದ, ಇಳಕಲ್ಲಿನ ಕಾಲೇಜಿಗೆ ಬಸ್ ಹಿಡಿಯೋ ರಾಮಥಾಳದ ನಮ್ಮ ಹುಡುಗ ಹುಡುಗಿಯರು ಸಂಜೀಕ ಏನು ಹೊತ್ತು ತರತಾರ? ನೋಟ್ಸು. ಸರ್ ಓದತಾರ, ಇವರು ಬರೀತಾರ. ಅರ್ಥ ಕೇಳಿದರೆ ಹಿಂದಿನ ಬೆಂಚು ಮೂಕ. ಆ ಮೌನಕ್ಕೆ ದಡ್ಡತನ ಅಂತ ಹೆಸರಿಡೋದು ಜಾತಿಯ ಹಳೇ ಚಾಳಿ.

ಅಧ್ಯಾಪಕ ಮಿತ್ರರೇ, ಅರ್ಥಶಾಸ್ತ್ರಕ್ಕೆ ಊರನ್ನೇ ಪುಸ್ತಕ ಮಾಡ್ರಿ. ರಾಮಥಾಳ ಹನಿ ನೀರಾವರಿ ಯೋಜನೆ 24,000 ಹೆಕ್ಟೇರಿಂದು. ಕೃಷ್ಣೆಯ ನೀರು ಪೈಪಿನಾಗ ಬಂದರೆ ಹೊಲ ಇದ್ದವಗೆ ಲಾಭ ಎಷ್ಟು, ಹೊಲ ಇಲ್ಲದ ಕೂಲಿಯವಗೆ ಎಷ್ಟು? ಇಬ್ಬಿಬ್ಬರು ಕೂಡಿ ಐದು ನಿಮಿಷ ಮಾತಾಡಿ ಹೇಳಲಿ, ಮನೆಮಾತಿನಾಗ. ಆಮೇಲೆ 'ಹಂಚಿಕೆ' ಅನ್ನೋ ಶಬ್ದ ಬೋರ್ಡಿಗೆ ಬರೀರಿ. ತಿಳಿಯದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡಲಿ. ಮರುದಿನದ ಪಾಠ ಅಲ್ಲಿಂದಲೇ ಸುರು.

ಬಾಬಾಸಾಹೇಬರು 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗ, ಸ್ಟಾಫಿನ ನೀರಿನ ಮಡಕೆ ಮುಟ್ಟಬಾರದೆಂದು ಜೊತೆಯವರೇ ತಕರಾರು ತೆಗೆದಿದ್ದರು. ಈಗಲೂ ತುಂಬಿದ ಕ್ಲಾಸಿನಾಗ ಸ್ಕಾಲರ್‌ಶಿಪ್ ಪಟ್ಟಿಯನ್ನು ಜಾತಿ ಕೂಗಿ ಓದೋರು ಇದ್ದಾರೆ. ಅದನ್ನು ಇವತ್ತೇ ಬಿಡ್ರಿ. ಹುಡುಗನ್ನ ಬದಿಗೆ ಕರೆದು, ಯಾವ ಕಾಗದ ಬೇಕು, ಕಡೇ ತಾರೀಖು ಯಾವುದು ಅಂತ ತಿಳಿಸಿ ಹೇಳ್ರಿ.