ಲೆಕ್ಕ ಕಲಿಸಿ, ಆಮೇಲೆ ಲೆಕ್ಕ ಕೇಳಿ

ವಿಶ್ವವಿದ್ಯಾಲಯಗಳ ಬಾಗಿಲಲ್ಲಿ ಹೊಸ ಪುರೋಹಿತ ವರ್ಗವೊಂದು ಕೂತಿದೆ. ಇವರ ಕೈಯಲ್ಲಿ ಪಂಚಾಂಗವಿಲ್ಲ, ಇರುವುದು ಅರ್ಜಿ ನಮೂನೆ. ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಬರುವವರು ಪಿಯುಸಿಯಲ್ಲಿ ಗಣಿತ ಓದಿರಬೇಕು ಅನ್ನುವ ಒಂದು ಸಾಲು ಅದರಲ್ಲಿದೆ. ಆ ಒಂದು ಸಾಲು ಸಾಕು. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಎಚ್‌ಇಪಿಎಸ್ ಓದಿ, ಅರ್ಥಶಾಸ್ತ್ರಕ್ಕೆ ತೊಂಬತ್ತು ಅಂಕ ತೆಗೆದ ನಮ್ಮ ಕೇರಿಯ ಹುಡುಗಿ ಅಲ್ಲಿಗೇ ನಿಲ್ಲುತ್ತಾಳೆ. ಅವಳನ್ನು ಯಾರೂ ಜಾತಿ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ.

ಇದು ಗಾಳಿ ಮಾತಲ್ಲ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸಿಗೆ 12ನೇ ತರಗತಿಯ ಗಣಿತ ಕಡ್ಡಾಯ. ಕಾಲೇಜು ಮೇಷ್ಟ್ರಾಗಲು ಬರೆಯಬೇಕಾದ ನೆಟ್ ಪರೀಕ್ಷೆಯ ಅರ್ಥಶಾಸ್ತ್ರ ಪಠ್ಯದಲ್ಲಿ ಗಣಿತೀಯ ಅರ್ಥಶಾಸ್ತ್ರಕ್ಕೇ ಒಂದು ಘಟಕವಿದೆ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಯಲ್ಲೂ ಕಲನಶಾಸ್ತ್ರ ಇದೆ, ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಅಂದರೆ ಓದುವ ಬಾಗಿಲು, ಕಲಿಸುವ ಬಾಗಿಲು, ಆಳುವ ಬಾಗಿಲು, ಮೂರಕ್ಕೂ ಬೀಗ ಒಂದೇ.

ಇನ್ನು ಹೇಗೋ ಒಳಗೆ ಹೋದವರ ಪಾಡು ಬೇರೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಕ್ರೆಡಿಟ್ ಹೊತ್ತುಕೊಂಡು ಹೋಗಬಹುದು ಅಂತ ಯುಜಿಸಿ 2021ರಲ್ಲಿ ಕ್ರೆಡಿಟ್ ಬ್ಯಾಂಕಿನ ನಿಯಮ ಮಾಡಿತು. ಕ್ರೆಡಿಟ್ ಅಂದ್ರೆ ನಮ್ಮಪ್ಪಂದಿರಿಗೆ ಗೊತ್ತಿದ್ದದ್ದು ಸಾಲ ಒಂದೇ. ನಮಗಾದರೂ ಜಮೆ ಆಯಿತಲ್ಲ ಅಂತ ಹೋದರೆ, ಹೊಸ ಜಾಗದ ಮೇಷ್ಟ್ರು ಬೋರ್ಡಿನ ಮೇಲೆ ಡಿವೈ ಬೈ ಡಿಎಕ್ಸ್ ಬರೆದು, 'ಇದು ನಿಮಗೆ ಗೊತ್ತಿರಬೇಕಲ್ಲ' ಅಂತ ಮುಂದೆ ಹೋಗುತ್ತಾರೆ. ಗೊತ್ತಿರಬೇಕು, ಸರಿ. ಯಾರು ಹೇಳಿಕೊಟ್ಟಿದ್ದರು? ವಾಣಿಜ್ಯ ವಿಭಾಗದ ಮಕ್ಕಳಿಗೆ ಬೇಸಿಕ್ ಮ್ಯಾಥ್ಸ್ ಇದೆ. ವಿಜ್ಞಾನದವರಿಗೆ ಗಣಿತ ಇದ್ದೇ ಇದೆ. ಕಲಾ ವಿಭಾಗ ಸೇರಿದ ಮಕ್ಕಳಿಗೆ ಎಷ್ಟೋ ಊರುಗಳಲ್ಲಿ ಗಣಿತ ತೆಗೆದುಕೊಳ್ಳುವ ದಾರಿಯೇ ಇಲ್ಲ. ಕಲಾ ವಿಭಾಗ ಸೇರುವವರು ಯಾರು? ಟ್ಯೂಷನ್ನಿಗೆ ದುಡ್ಡಿಲ್ಲದವರು, ಬೆಳಿಗ್ಗೆ ಕೂಲಿ ಮುಗಿಸಿ ಕಾಲೇಜಿಗೆ ಬರುವವರು, ಹಾಸ್ಟೆಲಿನ ಅನ್ನ ನಂಬಿದವರು. ಬಾವಿಗೆ ಬರಬೇಡ ಅಂದವರೇ ಈಗ ನೀನ್ಯಾಕೆ ಈಜು ಕಲಿಯಲಿಲ್ಲ ಅಂತ ಕೇಳುತ್ತಿದ್ದಾರೆ.

ಅಮೆರಿಕಾದಲ್ಲೂ ಈ ಹೊಸಿಲು ಇದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷ ಓದಿ ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಕ್ಕೆ ಹೋಗುವವರನ್ನೂ ಕಲನ ಓದಿದ್ದೀರಾ ಅಂತ ಕೇಳುತ್ತಾರೆ. ಅಲ್ಲಿಯೂ ಬಡವರು, ಕರಿಯರು, ವಲಸೆ ಬಂದವರ ಮಕ್ಕಳು ಇದೇ ಹೊಸಿಲಲ್ಲಿ ಎಡವುತ್ತಾರೆ. ಅದೇನು ಸ್ವರ್ಗವಲ್ಲ. ಆದರೆ ಆ ಕಮ್ಯುನಿಟಿ ಕಾಲೇಜಿನಲ್ಲೇ ಕಲನದ ಪಾಠ ಇರುತ್ತದೆ. ಇಲ್ಲಿ ಓದಿದ ಯಾವ ಪಾಠ ಅಲ್ಲಿ ಯಾವುದಕ್ಕೆ ಸಮ ಅಂತ ಮೊದಲೇ ಪಟ್ಟಿ ಮಾಡಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿರುತ್ತಾರೆ. ನಮ್ಮಲ್ಲಿ ಕೇಳುವುದು ಮಾತ್ರ ಇದೆ, ಕೊಡುವುದಿಲ್ಲ.

ಇದು ನಮಗೆ ಹೊಸ ಕಥೆಯೂ ಅಲ್ಲ. ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯುತ್ತೇನೆ ಅಂದಾಗ ಅಸ್ಪೃಶ್ಯನಿಗೆ ಸಂಸ್ಕೃತವಿಲ್ಲ ಅಂದರು. ಅವರು ಪಾರ್ಸಿ ಭಾಷೆ ಓದಬೇಕಾಯಿತು. ಅದೇ ಮನುಷ್ಯ 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ. ಮಾಡಿದರು. 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ ಡಿಎಸ್‌ಸಿ ಪಡೆದರು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಕೂತು ಈ ದೇಶದ ನಾಣ್ಯ ಹೇಗಿರಬೇಕು ಅಂತ ಸಾಕ್ಷ್ಯ ನುಡಿದರು. ನಮ್ಮ ಜನ ಮೊದಲು ಹೊಕ್ಕ ಜ್ಞಾನದ ಮನೆಗಳಲ್ಲಿ ಅರ್ಥಶಾಸ್ತ್ರವೂ ಒಂದು. ಆ ಮನೆಯ ಮುಂದೆ ಈಗ ನಮ್ಮನ್ನೇ ನಿಲ್ಲಿಸಿ, ಯಾರು ನೀನು ಅಂತ ಕೇಳುವುದಾದರೆ ನಾವು ಸುಮ್ಮನಿರಬೇಕೇ?

ಆದರೆ ನಮಗೆ ಹೆಚ್ಚು ಸಿಟ್ಟು ಬರುವುದು ಬಾಗಿಲು ಹಾಕುವವರ ಮೇಲಲ್ಲ, ಕನಿಕರ ತೋರಿಸುವವರ ಮೇಲೆ. 'ಪಾಪ, ಈ ಮಕ್ಕಳಿಗೆ ಗಣಿತ ಕಷ್ಟ. ಇವರಿಗೆ ಗಣಿತವಿಲ್ಲದ ಅರ್ಥಶಾಸ್ತ್ರ ಕೊಡಿ, ಯೋಜನೆಗಳ ಹೆಸರು ಬಾಯಿಪಾಠ ಮಾಡಿಕೊಳ್ಳಲಿ, ಪಾಸಾಗಲಿ' ಅನ್ನುತ್ತಾರೆ. ಹೋಟೆಲಿನ ಹೊರಗೆ ನಮಗಾಗಿ ಬೇರೆ ಲೋಟ ಇಟ್ಟವರೂ ಕಾಫಿ ಕೊಡುತ್ತಿದ್ದರು! ಬೇರೆ ಲೋಟದ ಅರ್ಥಶಾಸ್ತ್ರ ನಮಗೆ ಬೇಡ.

ಇಷ್ಟಕ್ಕೂ ಕಲನ ಅಂದ್ರೆ ಏನು? ಕೇಳ್ರಪ್ಪ. 10 ಮೂಟೆ ಬೆಳೆಯಲು ಒಟ್ಟು ಖರ್ಚು 100 ರೂಪಾಯಿ, 11 ಮೂಟೆಗೆ 121 ಅಂತ ಇಟ್ಟುಕೊಳ್ಳಿ. ಎಷ್ಟು ಮೂಟೆಯೋ ಅದನ್ನು ಅದರಿಂದಲೇ ಗುಣಿಸಿದಷ್ಟು ಖರ್ಚು. ಹತ್ತರ ಮೇಲೆ ಒಂದು ಮೂಟೆ ಹೆಚ್ಚು ಬೆಳೆದರೆ ಹೆಚ್ಚಿನ ಖರ್ಚು 21. ಪೂರ್ತಿ ಮೂಟೆ ಬೇಡ, ಮೂಟೆಯ ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಮೂಟೆಗೆ 20.1ರ ದರ ಬೀಳುತ್ತದೆ. ನೂರರಲ್ಲೊಂದು ಪಾಲಾದರೆ 20.01. ಪಾಲು ಚಿಕ್ಕದಾದ ಹಾಗೆಲ್ಲ ದರ 20ಕ್ಕೆ ಹತ್ತಿರ ಹತ್ತಿರ ಬರುತ್ತದೆ. ಆ 20 ಇದೆಯಲ್ಲ, ಅದೇ ಡಿವೈ ಬೈ ಡಿಎಕ್ಸ್. ಪಿಯುಸಿ ಪುಸ್ತಕದಲ್ಲಿ 'ಸೀಮಾಂತ ವೆಚ್ಚ' ಅಂತ ನಾವು ಉರು ಹೊಡೆದದ್ದು ಇದನ್ನೇ. ನಮ್ಮ ಕೈಗೆ ಹೆಸರು ಕೊಟ್ಟು ಯಂತ್ರವನ್ನು ಬಚ್ಚಿಟ್ಟರು. ನೂರಕ್ಕೆ ತಿಂಗಳಿಗೆ ಐದು ಬಡ್ಡಿ, ಆ ಬಡ್ಡಿಗೂ ಬಡ್ಡಿ ಅಂದರೆ ವರ್ಷದ ಕೊನೆಗೆ ನೂರು ಸುಮಾರು 180 ಆಗುತ್ತದೆ ಅಂತ ಸಾಹುಕಾರನ ಮನೆಯಲ್ಲಿ ಜೀತಕ್ಕಿದ್ದ ನಮ್ಮ ಅಜ್ಜಂದಿರ ಬೆನ್ನಿಗೆ ಗೊತ್ತಿತ್ತು. ಬೆಳೆಯುವುದು ಮಾತ್ರವಲ್ಲ, ಬೆಳೆಯುವ ವೇಗವೂ ಹೇಗೆ ಬೆಳೆಯುತ್ತದೆ ಅಂತ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಹಾಗಾದರೆ ಈ ಯಂತ್ರ ನಮಗೆ ಯಾಕೆ ಬೇಕು? ಕೂಲಿಗಾಗಿ ಬೇಕು. ಅಮೆರಿಕಾದ ಜಾನ್ ಬೇಟ್ಸ್ ಕ್ಲಾರ್ಕ್ 1899ರಲ್ಲಿ ಒಂದು ವಾದ ಹೂಡಿದ. ಮುಕ್ತ ಪೈಪೋಟಿ ಇದ್ದಲ್ಲಿ, ಕೊನೆಗೆ ಸೇರಿದ ಆಳಿನಿಂದ ಎಷ್ಟು ಉತ್ಪನ್ನ ಹೆಚ್ಚಿತೋ ಅಷ್ಟೇ ಕೂಲಿ ಆಳುಗಳಿಗೆ ದಕ್ಕುತ್ತದೆ, ಹಾಗೆ ದಕ್ಕುವುದೇ ನ್ಯಾಯ ಅನ್ನುವ ವಾದ ಅದು. ನೋಡಿ, ನಮ್ಮ ತಾಯಂದಿರ ಕೂಲಿ ಯಾಕೆ ಕಮ್ಮಿ ಅಂದರೆ ಅವರು ಕೊಟ್ಟದ್ದೇ ಕಮ್ಮಿ ಅಂತ ಈ ಸೂತ್ರ ಹಿಡಿದು ಸಾಧಿಸಬಹುದು! ಸಾಧಿಸುತ್ತಲೂ ಇದ್ದಾರೆ. ಇದಕ್ಕೆ ಉತ್ತರ ಘೋಷಣೆಯಿಂದ ಮಾತ್ರ ಸಿಗೋದಿಲ್ಲ. ಆ ಸೂತ್ರದೊಳಗೆ ನುಗ್ಗಿ, ಎಲ್ಲಿ ಏನನ್ನು ಊಹಿಸಿಕೊಂಡಿದ್ದಾರೆ ಅಂತ ಬೆರಳಿಟ್ಟು ತೋರಿಸಬೇಕು. ದುಡಿಯುವವನು ಯಾವ ಕೆಲಸಕ್ಕಾದರೂ ಹೋಗಬಹುದು ಅಂತ ಊಹಿಸಿದ್ದಾರೆ. ಮಲದ ಗುಂಡಿಗೆ ಇಳಿಸಿದವನು ನಾಳೆ ದೇವಸ್ಥಾನದ ಅಡಿಗೆ ಮನೆಗೆ ಹೋಗಬಲ್ಲನೇ? ಜಾತಿ ಕೆಲಸವನ್ನಷ್ಟೇ ಅಲ್ಲ, ದುಡಿಯುವ ಮನುಷ್ಯರನ್ನೇ ವಿಂಗಡಿಸಿ ಬೇಲಿ ಹಾಕುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ಆ ಬೇಲಿಯನ್ನು ಸಮೀಕರಣದೊಳಕ್ಕೆ ತಂದು ನಿಲ್ಲಿಸುವ ಕೆಲಸ ಯಾರದು? ಬೇಲಿಯ ಮುಳ್ಳು ಚುಚ್ಚಿಸಿಕೊಂಡವರದು.

ಬಜೆಟ್ಟಿನ ಮಾತೂ ಅಷ್ಟೇ. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಕೊಡಬೇಕು ಅಂತ ಕರ್ನಾಟಕ 2013ರಲ್ಲಿ ಕಾಯಿದೆ ಮಾಡಿತು. ಅದೇ ಕಾಯಿದೆಯೊಳಗೆ 7(ಡಿ) ಅನ್ನುವ ಕಲಂ ಕೂತಿತ್ತು. ಎಲ್ಲರಿಗಾಗಿ ಮಾಡಿದ ಖರ್ಚಿನ ಒಂದು ಭಾಗವನ್ನು ನಮ್ಮ ಖಾತೆಗೆ ಬರೆದುಬಿಡಲು ಅದು ದಾರಿ ಮಾಡಿಕೊಟ್ಟಿತ್ತು. ದಲಿತ ಸಂಘಟನೆಗಳು ಬೀದಿಯಲ್ಲಿ ಕೂಗಿ ಕೂಗಿ, 2023ರಲ್ಲಿ ಅದನ್ನು ತೆಗೆದರು. ಹತ್ತು ವರ್ಷ ಹಿಡಿಯಿತು! ಲೆಕ್ಕ ಬರೆಯುವ ಮೇಜಿನ ಆ ಕಡೆ ನಮ್ಮವರು ಬೆರಳೆಣಿಕೆಗೂ ಇಲ್ಲದಿದ್ದರೆ ಹೀಗೇ ಆಗುತ್ತದೆ. ಆ ಮೇಜಿಗೆ ಹೋಗುವ ಮೆಟ್ಟಿಲಲ್ಲೇ ಕಲನವಿದೆ.

ಕನ್ನಡದಲ್ಲಿ ಗಣಿತ ಹೇಳಲಾಗೋದಿಲ್ಲ ಅನ್ನುವವರಿಗೂ ಒಂದು ಮಾತು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರ ಗಣಿತ' ಬರೆದ. ಎಂಟುನೂರು ವರ್ಷದ ಹಿಂದೆ ಆದದ್ದು ಈಗ ಆಗದು ಅಂದರೆ ಸೋತದ್ದು ಭಾಷೆಯಲ್ಲ, ಹೇಳಿಕೊಡುವವರ ಮನಸ್ಸು. ಗಣಿತವನ್ನು ವೇದ ಮಾಡಿಕೊಂಡವರೂ ತಿಳಿಯಲಿ. 1871ರಲ್ಲಿ ಸೀಮಾಂತ ವಿಚಾರವನ್ನು ಕಟ್ಟಿದವರಲ್ಲಿ ಒಬ್ಬನಾದ ಕಾರ್ಲ್ ಮೆಂಗರ್ ಅದನ್ನು ಕಲನವಿಲ್ಲದೆ ಕಟ್ಟಿದ. 1890ರಲ್ಲಿ ಆಲ್‌ಫ್ರೆಡ್ ಮಾರ್ಷಲ್ ತನ್ನ ದೊಡ್ಡ ಪುಸ್ತಕದ ಗಣಿತವನ್ನೆಲ್ಲ ಅಡಿಟಿಪ್ಪಣಿಗೆ, ಅನುಬಂಧಕ್ಕೆ ದಬ್ಬಿದ. ಗಣಿತ ಒಂದು ಕುಡುಗೋಲು. ಕೊಯ್ಯುವುದಕ್ಕೆ ಇರಬೇಕೇ ಹೊರತು ಗುಡಿಯಲ್ಲಿಟ್ಟು ಪೂಜೆ ಮಾಡುವುದಕ್ಕಲ್ಲ.

ನಾವು ಕೇಳುವುದು ಭಿಕ್ಷೆಯಲ್ಲ, ರಿಯಾಯಿತಿಯೂ ಅಲ್ಲ. ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಲಾ ವಿಭಾಗದ ಮಕ್ಕಳಿಗೂ ಗಣಿತ ತೆಗೆದುಕೊಳ್ಳುವ ದಾರಿ ಬೇಕು, ಅದಕ್ಕೆ ಕಾಯಂ ಮೇಷ್ಟ್ರು ಬೇಕು. ಅರ್ಥಶಾಸ್ತ್ರಕ್ಕೆ ಗಣಿತ ಕೇಳುವ ವಿಶ್ವವಿದ್ಯಾಲಯ ಮೊದಲ ಆರು ತಿಂಗಳು ತಾನೇ ಅದನ್ನು ಕಲಿಸಬೇಕು. ಶುಲ್ಕವಿಲ್ಲದೆ, ಕನ್ನಡದಲ್ಲೂ ಕಲಿಸಬೇಕು, ಅದಕ್ಕೂ ಕ್ರೆಡಿಟ್ ಕೊಡಬೇಕು. ಬೇರೆ ಕಾಲೇಜಿನಿಂದ ಬರುವವರಿಗೆ ಏನು ಓದಿರಬೇಕು ಅನ್ನುವುದನ್ನು ಅರ್ಜಿಯ ದಿನ ಅಲ್ಲ, ಪಿಯುಸಿ ಸೇರುವ ದಿನವೇ ಹೇಳಬೇಕು. ಇದಿಷ್ಟೂ ಮಾಡಿದ ಮೇಲೆ ಪರೀಕ್ಷೆ ಇಡಿ, ಎಷ್ಟು ಕಠಿಣ ಬೇಕಾದರೂ ಇಡಿ, ಬರೆಯುತ್ತೇವೆ.

ನಮ್ಮನ್ನು ತೂಗಲು ಕೂತವರೇ, ತಕ್ಕಡಿ ಹಿಡಿಯುವುದನ್ನು ನಮಗೂ ಕಲಿಸಿ. ಕಲಿಸದಿದ್ದರೂ ಕಲಿಯುತ್ತೇವೆ. ಹಾಸ್ಟೆಲಿನ ವರಾಂಡದಲ್ಲಿ, ಬೀದಿ ದೀಪದ ಕೆಳಗೆ ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತೇವೆ. ಆಗ ಮೊದಲು ಲೆಕ್ಕ ಕೇಳುವುದು ನಿಮ್ಮನ್ನೇ.